ಪರೀಕ್ಷೆ ಮಗುವಿಗಲ್ಲ, ಹಾಳೆಗೆ

ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚು ಸಮಯ ಕೊಡುವುದು ಎರಡು ಕೆಲಸಗಳಿಗೆ. ಒಂದು ಪಾಠಯೋಜನೆ, ಇನ್ನೊಂದು ಕಲಿಕೋಪಕರಣ. ಚಾರ್ಟು, ಅಭ್ಯಾಸ ಹಾಳೆ, ಪ್ರಯೋಗದ ಸೂಚನಾ ಪತ್ರ, ಈಚಿನ ವರ್ಷಗಳಲ್ಲಿ ಮೊಬೈಲ್‌ನಲ್ಲಿ ಉತ್ತರಿಸುವ ರಸಪ್ರಶ್ನೆ ಹೀಗೆ ಹಲವನ್ನು ಅವರು ರಾತ್ರಿ ಕುಳಿತು ತಯಾರಿಸುತ್ತಾರೆ. ಮಾರ್ಗದರ್ಶಕರು ನೋಡಿ ಸಹಿ ಹಾಕುತ್ತೇವೆ. ಸಹಪಾಠಿಗಳ ಮುಂದೆ ಸೂಕ್ಷ್ಮ ಬೋಧನೆಯಲ್ಲಿ ಒಮ್ಮೆ ತೋರಿಸುತ್ತಾರೆ. ಅಲ್ಲಿಂದ ಅದು ನೇರವಾಗಿ ನಲವತ್ತು ಮಕ್ಕಳ ಕೈಗೆ ಹೋಗುತ್ತದೆ. ನೋಡಿದವರು ನಾವು, ಮೆಚ್ಚಿದವರು ಸಹಪಾಠಿಗಳು. ಬಳಸಬೇಕಾದ ಮಗು ಮಾತ್ರ ತರಗತಿಯ ದಿನದವರೆಗೂ ಅದನ್ನು ಕಂಡಿರುವುದಿಲ್ಲ.

ತಂತ್ರಾಂಶ ತಯಾರಿಸುವವರಲ್ಲಿ ಇದಕ್ಕೆ ಬೇರೆಯೇ ಪದ್ಧತಿ ಇದೆ. ಒಂದು ಆ್ಯಪ್ ಅಥವಾ ಜಾಲತಾಣವನ್ನು ಎಲ್ಲರಿಗೂ ಬಿಡುವ ಮೊದಲು ಅದನ್ನು ಬಳಸಲಿರುವಂಥ ಕೆಲವರನ್ನು ಕರೆದು, ಒಂದು ಕೆಲಸ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುತ್ತಾರೆ. ಎಲ್ಲಿ ನಿಂತರು, ಎಲ್ಲಿ ತಪ್ಪು ಗುಂಡಿ ಒತ್ತಿದರು, ಯಾವ ಪದ ಓದಿ ಹುಬ್ಬು ಗಂಟಿಕ್ಕಿದರು ಎಂದು ಬರೆದುಕೊಳ್ಳುತ್ತಾರೆ. ಇದನ್ನು ಬಳಕೆದಾರರ ಅನುಭವದ ಪರೀಕ್ಷೆ ಎನ್ನುತ್ತಾರೆ. ಇದಕ್ಕೆ ಬೇಕಾದ ಸಾಮಗ್ರಿ ಕಾಗದ, ಪೆನ್ನು, ಗಡಿಯಾರ ಮತ್ತು ತಾಳ್ಮೆ. ಹಾಗಿದ್ದ ಮೇಲೆ ನಮ್ಮ ಕಾಲೇಜಿನಲ್ಲೂ ಮಾಡಬಹುದಲ್ಲ ಎಂದುಕೊಂಡು, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪತ್ರಿಕೆಯ ಪ್ರಾಯೋಗಿಕ ಕೆಲಸಕ್ಕೆ ಮೀಸಲಾದ ಅವಧಿಗಳನ್ನು ಒಟ್ಟುಗೂಡಿಸಿ ಮೂರು ದಿನದ ಗುಂಪು ಕಾರ್ಯಾಗಾರವೊಂದನ್ನು ನಡೆಸಿದೆವು. ಅದರ ಯೋಜನೆ, ನಡೆದ ರೀತಿ ಮತ್ತು ಅದರಿಂದ ಎದ್ದ ಒಂದು ಪ್ರಶ್ನೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಯೋಜನೆಯ ಹಂತ

ಎರಡನೆಯ ಸೆಮಿಸ್ಟರಿನ 36 ಪ್ರಶಿಕ್ಷಣಾರ್ಥಿಗಳನ್ನು ಆರಾರು ಜನರ ಆರು ಗುಂಪು ಮಾಡಿದೆವು. ಪ್ರತಿ ಗುಂಪೂ ತಾನು ಬೋಧನಾಭ್ಯಾಸದಲ್ಲಿ ನಿಜವಾಗಿ ಬಳಸಲಿರುವ ಒಂದು ಸಾಮಗ್ರಿಯನ್ನು ತರಬೇಕು. ಕಾರ್ಯಾಗಾರಕ್ಕಾಗಿಯೇ ಹೊಸದಾಗಿ ಮಾಡಿದ್ದು ಬೇಡ ಎಂದು ಮೊದಲೇ ಹೇಳಿದ್ದೆ. ಆರನೆಯ ತರಗತಿಯ ಭಿನ್ನರಾಶಿಯ ಅಭ್ಯಾಸ ಹಾಳೆ, ವಿದ್ಯುನ್ಮಂಡಲ ಜೋಡಿಸುವ ಸೂಚನಾ ಪತ್ರ, ಮೊಬೈಲ್‌ನಲ್ಲಿ ತುಂಬುವ ವಿಜ್ಞಾನ ರಸಪ್ರಶ್ನೆ, ನಕ್ಷೆಯ ಚಟುವಟಿಕೆ, ತರಗತಿ ಗ್ರಂಥಾಲಯದ ಪುಸ್ತಕಗಳ ವರ್ಗೀಕರಣ, ಇನ್ನೂ ಕಾಗದದ ಮೇಲೆಯೇ ಇದ್ದ ಒಂದು ಗ್ರಂಥಾಲಯ ಆ್ಯಪಿನ ನಕಾಶೆ ಹೀಗೆ ಆರು ಬಂದವು.

ಮಕ್ಕಳು ಎಷ್ಟು ಜನ ಬೇಕು ಎಂಬುದು ಮೊದಲ ಚರ್ಚೆ. ಐವರು ಸಾಕು ಎಂಬ ಮಾತು ಈ ಕ್ಷೇತ್ರದಲ್ಲಿ ಪ್ರಸಿದ್ಧ. ಅದರ ಹಿಂದೆ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಅವರು ನೋಡಿದ ಯೋಜನೆಗಳಲ್ಲಿ ಒಂದು ತೊಡಕು ಒಬ್ಬ ಬಳಕೆದಾರನಿಂದ ಬೆಳಕಿಗೆ ಬರುವ ಸಂಭವ ಸರಾಸರಿ ಶೇಕಡ 31. ಹಾಗಾದರೆ ಅದು ಕಣ್ತಪ್ಪುವ ಸಂಭವ 0.69. ಐದು ಜನರ ಕಣ್ಣಿಗೂ ಬೀಳದೆ ಉಳಿಯುವ ಸಂಭವ 0.69ರ ಐದನೆಯ ಘಾತ, ಅಂದರೆ ಸುಮಾರು 0.16. ಉಳಿದ ಶೇಕಡ 84ರಷ್ಟು ತೊಡಕುಗಳು ಐವರಲ್ಲೇ ಕಂಡುಬರುತ್ತವೆ. ಗಣಿತ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳಿಂದಲೇ ಇದನ್ನು ಹಲಗೆಯ ಮೇಲೆ ಬಿಡಿಸಿಸಿದೆ. ಮೂವರಾದರೆ ಎಷ್ಟು ಎಂದು ಕೇಳಿದಾಗ ಶೇಕಡ 67 ಎಂದು ಅವರೇ ಹೇಳಿದರು.

ಆದರೆ ಆ 31 ತಂತ್ರಾಂಶಗಳ ಸರಾಸರಿ. ಓದುವ ಮಟ್ಟದಲ್ಲಿ ಅಜಗಜಾಂತರವಿರುವ ನಮ್ಮ ತರಗತಿಗಳಿಗೆ ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದ್ದರಿಂದ ಎರಡು ತೀರ್ಮಾನ ಮಾಡಿಕೊಂಡೆವು. ಒಂದು, ಮೂವರ ಮೇಲೆ ನೋಡಿ, ತಿದ್ದಿ, ಮತ್ತೆ ಬೇರೆ ಮೂವರ ಮೇಲೆ ನೋಡುವುದು. ಎರಡು, ಆ ಮೂವರಲ್ಲಿ ಸರಾಗವಾಗಿ ಓದುವವರು, ತಡೆದು ಓದುವವರು, ಓದಲು ಕಷ್ಟಪಡುವವರು ಒಬ್ಬೊಬ್ಬರಾದರೂ ಇರಬೇಕು ಎಂದು ಶಾಲೆಯನ್ನು ಕೇಳಿಕೊಳ್ಳುವುದು. ಹೀಗೆ ಸ್ಪಷ್ಟವಾಗಿ ಕೇಳದಿದ್ದರೆ ಯಾವ ಶಾಲೆಯಾದರೂ ಪ್ರೀತಿಯಿಂದ ತನ್ನ ಜಾಣ ಮಕ್ಕಳನ್ನೇ ಮುಂದೆ ಕಳಿಸುತ್ತದೆ.

ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರನ್ನು ಎರಡು ವಾರ ಮೊದಲೇ ಕಂಡೆವು. ಪೋಷಕರಿಗೆ ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಹೋಯಿತು. ಮಗುವಿನ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ, ಮ1, ಮ2 ಎಂಬ ಗುರುತು ಮಾತ್ರ. ಚಿತ್ರೀಕರಣ ಬೇಕಾದರೆ ಕೈ ಮತ್ತು ಹಾಳೆ ಮಾತ್ರ, ಮುಖವಿಲ್ಲ. ಒಂದು ಮಗುವಿನ 20 ನಿಮಿಷಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ. ಮಗು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಕೊನೆಯ ಚಟುವಟಿಕೆ ಯಾವಾಗಲೂ ಮಗು ಮಾಡಿ ಮುಗಿಸಬಲ್ಲಂಥದ್ದೇ ಆಗಿರಬೇಕು, ಸೋತೆನೆಂಬ ಭಾವದಲ್ಲಿ ಯಾವ ಮಗುವೂ ತರಗತಿಗೆ ಮರಳಬಾರದು. ಈ ಷರತ್ತುಗಳನ್ನು ನಾವೇ ಬರೆದು ಮುಖ್ಯ ಶಿಕ್ಷಕರಿಗೆ ಒಪ್ಪಿಸಿದೆವು.

ಮೊದಲ ದಿನ: ಕೈಗೆ ಪೆನ್ನು, ಬಾಯಿಗೆ ಬೀಗ

ಗುರುವಾರ ಕಾಲೇಜಿನಲ್ಲೇ ತರಬೇತಿ. ತಂತ್ರಗಳ ಪರಿಚಯಕ್ಕೆ ಒಂದು ಗಂಟೆ ಮಾತ್ರ ಇಟ್ಟು ಉಳಿದ ಸಮಯವನ್ನೆಲ್ಲ ಅಭ್ಯಾಸಕ್ಕೆ ಬಿಟ್ಟೆ.

ಮುಖ್ಯ ತಂತ್ರ, ಕೆಲಸ ಮಾಡುತ್ತಾ ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ಹೇಳುತ್ತಾ ಹೋಗುವುದು. ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್ 1982ರಲ್ಲಿ ಇದನ್ನು ಕಂಪ್ಯೂಟರ್ ವಿನ್ಯಾಸದ ಪರಿಶೀಲನೆಗೆ ತಂದರು. ಅದಕ್ಕೂ ಮುಂಚೆ ಆಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ ಎಂಬ ಮನಶ್ಶಾಸ್ತ್ರಜ್ಞರು ಜನ ಆಡುವ ಇಂಥ ಮಾತನ್ನು ಯೋಚನೆಯ ದಾಖಲೆಯಾಗಿ ಯಾವಾಗ ನಂಬಬಹುದು ಎಂದು ವಿವರವಾಗಿ ಚರ್ಚಿಸಿದ್ದರು. ಎರಡನೆಯದು, ಇಬ್ಬರನ್ನು ಒಟ್ಟಿಗೆ ಕೂರಿಸಿ ಅವರ ಮಾತುಕತೆ ಕೇಳುವುದು. ಜಪಾನಿನ ನವೋಮಿ ಮಿಯಾಕೆ ಅವರ 1986ರ ಅಧ್ಯಯನದಲ್ಲಿ ಜೋಡಿಗಳು ಹೊಲಿಗೆ ಯಂತ್ರ ಹೇಗೆ ಹೊಲಿಗೆ ಹಾಕುತ್ತದೆ ಎಂದು ಪರಸ್ಪರ ಕೇಳಿ, ಹೇಳಿ ಅರ್ಥ ಮಾಡಿಕೊಳ್ಳುತ್ತವೆ. ಒಬ್ಬಂಟಿಯಾಗಿ ಮಾತಾಡಲು ನಾಚುವ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಕ್ರಮ. ಮೂರನೆಯದು ಕಾಗದದ ಮಾದರಿ: ಆ್ಯಪಿನ ಒಂದೊಂದು ಪರದೆಯನ್ನು ಒಂದೊಂದು ಹಾಳೆಯಲ್ಲಿ ಬರೆದು, ಮಗು ಬೆರಳಿಟ್ಟ ಕಡೆ ನೋಡಿ ಒಬ್ಬರು ಮುಂದಿನ ಹಾಳೆ ಇಡುವುದು. ನಾಲ್ಕನೆಯದು ಚೀಟಿ ವಿಂಗಡಣೆ: ಹೆಸರು ಬರೆದ ಚೀಟಿಗಳನ್ನು ಕೊಟ್ಟು, ನಿನಗೆ ಸರಿ ಕಂಡಂತೆ ಗುಂಪು ಮಾಡು ಎನ್ನುವುದು.

ಅಭ್ಯಾಸಕ್ಕೆ ಬ್ಯಾಂಕಿನ ಚಲನ್ ತರಿಸಿದ್ದೆ. ಒಬ್ಬರು ತುಂಬಬೇಕು, ಒಬ್ಬರು ನಡೆಸಬೇಕು, ಉಳಿದವರು ಬರೆದುಕೊಳ್ಳಬೇಕು. ತುಂಬುವವರು ತಡವರಿಸಿದ ಕೂಡಲೇ ನಡೆಸುವವರ ಬೆರಳು ಚಲನ್ ಮೇಲೆ ಹೋಗುತ್ತಿತ್ತು. "ಇಲ್ಲಿ, ಇಲ್ಲಿ ಬರೀರಿ." ಆರು ಗುಂಪಿನಲ್ಲಿಯೂ ಇದೇ. ಕಲಿಸುವವರ ಕೈ ಹಾಗೆಯೇ, ಎಡವಿದವರನ್ನು ಕಂಡರೆ ತಾನಾಗಿ ಮುಂದೆ ಬರುತ್ತದೆ. ಅದನ್ನು ಹಿಂದಿಡಲು ಅಭ್ಯಾಸ ಬೇಕು. "ಕೈಗೆ ಪೆನ್ನು, ಬಾಯಿಗೆ ಬೀಗ" ಎಂದು ಒಬ್ಬ ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಬರೆದ. ಮೂರು ದಿನವೂ ಅದೇ ನಮ್ಮ ಘೋಷವಾಕ್ಯವಾಯಿತು.

ಭಾಷೆಯ ಬಗ್ಗೆ ಹೆಚ್ಚು ಹೊತ್ತು ಚರ್ಚೆ ನಡೆಯಿತು. ಪುಸ್ತಕಗಳಲ್ಲಿ ಇದರ ಹೆಸರು ಪರೀಕ್ಷೆ. ನಮ್ಮ ಮಗುವಿನ ಕಿವಿಗೆ ಪರೀಕ್ಷೆ ಎಂದರೆ ಒಂದೇ ಅರ್ಥ: ಅಂಕ, ಭಯ, ಪಕ್ಕದವರ ಹಾಳೆ ನೋಡಬಾರದು. ಆದ್ದರಿಂದ ಮಕ್ಕಳ ಮುಂದೆ ಆ ಪದವನ್ನೇ ಬಳಸದಿರಲು ನಿರ್ಧರಿಸಿದೆವು. "ಈ ಹಾಳೆ ನಾವು ಮಾಡಿದ್ದು. ಇದು ಸರಿಯಾಗಿದೆಯಾ ಇಲ್ಲವಾ ಅಂತ ನಮಗೆ ಗೊತ್ತಿಲ್ಲ. ನೀನು ಬಳಸಿ ನೋಡಿ ಹೇಳಬೇಕು" ಎಂಬುದು ಪೀಠಿಕೆ. ಮನಸ್ಸಿನಲ್ಲಿರುವುದನ್ನು ಗಟ್ಟಿಯಾಗಿ ಯೋಚಿಸು ಎಂದರೆ ಯಾವ ಮಗುವಿಗೂ ಅರ್ಥವಾಗದು, "ಹೇಳ್ತಾ ಹೇಳ್ತಾ ಮಾಡು" ಎಂದರೆ ಆಯಿತು.

ಮಗು ನಡುವೆ "ಇದನ್ನ ಒತ್ತಲಾ ಮಿಸ್?" ಎಂದು ಕೇಳಿದರೆ "ನಿನಗೆ ಏನನ್ನಿಸುತ್ತೆ?" ಎಂದು ಮರುಪ್ರಶ್ನಿಸಿ ಎನ್ನುತ್ತವೆ ಕೈಪಿಡಿಗಳು. ಇದು ನಮ್ಮಲ್ಲಿ ನಡೆಯದು ಎಂದು ಪ್ರಶಿಕ್ಷಣಾರ್ಥಿಗಳೇ ಎತ್ತಿ ತೋರಿಸಿದರು. ನಮ್ಮ ತರಗತಿಗಳಲ್ಲಿ ಶಿಕ್ಷಕರು ಮರುಪ್ರಶ್ನೆ ಹಾಕಿದರೆ ಉತ್ತರ ತಪ್ಪು ಎಂದೇ ಮಕ್ಕಳು ತಿಳಿಯುತ್ತಾರೆ, ಮರುಕ್ಷಣ ಉತ್ತರ ಬದಲಿಸುತ್ತಾರೆ. ಅದರ ಬದಲು "ನಾವು ಇಲ್ಲ ಅಂದ್ಕೋ. ಆಗ ಏನು ಮಾಡ್ತಿದ್ದೆ?" ಎಂಬ ಮಾತನ್ನು ಆರಿಸಿಕೊಂಡೆವು. ಅದು ಚೆನ್ನಾಗಿ ಕೆಲಸ ಮಾಡಿತು.

ಬರೆದುಕೊಳ್ಳುವವರಿಗೆ ಒಂದೇ ನಿಯಮ: ಒಂದು ಚೀಟಿಯಲ್ಲಿ ಒಂದೇ ಸಂಗತಿ, ಕಂಡದ್ದು ಮಾತ್ರ, ಊಹಿಸಿದ್ದಲ್ಲ. "ಗೊಂದಲವಾಯಿತು" ಎಂಬುದು ಊಹೆ. "ಬೆರಳು ಎತ್ತಿ ಹತ್ತು ಸೆಕೆಂಡು ನಿಂತ, ಮತ್ತೆ ಮೊದಲ ಸಾಲಿಗೆ ಹೋದ" ಎಂಬುದು ಕಂಡದ್ದು.

ಶಾಲೆಯಲ್ಲಿ ಮೊದಲ ಸುತ್ತು

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋದೆವು. ಗ್ರಂಥಾಲಯದ ಕೋಣೆ, ಜಗಲಿ, ಬಿಸಿಯೂಟದ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತೆವು. ಆರು ಜನ ದೊಡ್ಡವರು ಒಂದು ಮಗುವನ್ನು ಸುತ್ತುವರಿದರೆ ಮಗು ಬಾಯಿ ಬಿಡುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಒಬ್ಬರು, ಸ್ವಲ್ಪ ಹಿಂದೆ ಬರೆಯುವವರು ಇಬ್ಬರು, ಉಳಿದವರು ಮಕ್ಕಳನ್ನು ಕರೆತರುವುದು, ಮಾತಾಡಿಸುವುದು, ಸಮಯ ನೋಡುವುದು ಎಂದು ಹಂಚಿಕೊಂಡಿದ್ದೆವು.

ಗ್ರಂಥಾಲಯ ಆ್ಯಪಿನ ಕಾಗದದ ಪರದೆಯಲ್ಲಿ ಪುಸ್ತಕ ಹುಡುಕಲು ಭೂತಗನ್ನಡಿಯ ಚಿತ್ರವಿತ್ತು. ಒಬ್ಬ ಹುಡುಗ ಅದರ ಮೇಲೆ ಬೆರಳಿಟ್ಟು ಕಾದ. ಕಂಪ್ಯೂಟರಿನ ಪಾತ್ರ ವಹಿಸಿದ್ದವಳು ಹುಡುಕುವ ಹಾಳೆ ಇಟ್ಟಳು. "ಅಕ್ಷರ ದೊಡ್ಡದಾಗುತ್ತೆ ಅಂದ್ಕೊಂಡೆ ಮಿಸ್" ಎಂದ. ಅವನ ತರ್ಕದಲ್ಲಿ ಯಾವ ದೋಷವೂ ಇಲ್ಲ, ಭೂತಗನ್ನಡಿ ಇರುವುದೇ ಅದಕ್ಕೆ. ಮೊಬೈಲ್ ರಸಪ್ರಶ್ನೆಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟ ಜೋಡಿಗೆ ಕೆಂಪು ಅಕ್ಷರದ ಸೂಚನೆ ಬಂತು. ಅದನ್ನು ಓದುವ ಮೊದಲೇ ಇಬ್ಬರೂ ಹಿಂದೆ ಹೋಗಿ ಸರಿಯಾಗಿದ್ದ ಉತ್ತರಗಳನ್ನು ಬದಲಿಸತೊಡಗಿದರು. ಶಾಲೆಯಲ್ಲಿ ಕೆಂಪು ಶಾಯಿ ಎಂದರೆ ತಪ್ಪು ಉತ್ತರ. ಯಂತ್ರದ ಕೆಂಪಿಗೂ ಅವರು ಅದೇ ಅರ್ಥ ಕೊಟ್ಟಿದ್ದರು. ವಿದ್ಯುನ್ಮಂಡಲದ ಪತ್ರದಲ್ಲಿ "ಚಿತ್ರ 2ರಂತೆ ಜೋಡಿಸಿ" ಎಂದಿತ್ತು, ಚಿತ್ರ 2 ಹಾಳೆಯ ಹಿಂಬದಿಯಲ್ಲಿತ್ತು. ಮೂವರಲ್ಲಿ ಇಬ್ಬರು ಹಾಳೆ ತಿರುಗಿಸಲೇ ಇಲ್ಲ.

ಪುಸ್ತಕಗಳ ಚೀಟಿ ವಿಂಗಡಣೆ ನಮಗೆಲ್ಲ ಸಂತೋಷ ಕೊಟ್ಟಿತು. ಪ್ರಶಿಕ್ಷಣಾರ್ಥಿಗಳ ಪಟ್ಟಿಯಲ್ಲಿ ಕಥೆ, ವಿಜ್ಞಾನ, ಇತಿಹಾಸ, ಜೀವನಚರಿತ್ರೆ ಎಂದಿತ್ತು. ಮಕ್ಕಳು ಮಾಡಿದ ಗುಂಪುಗಳು: ಚಿತ್ರ ಜಾಸ್ತಿ ಇರೋದು, ಬೇಗ ಮುಗಿಯೋದು, ಹೆದರಿಕೆ ಆಗೋದು, ತಂಗಿಗೆ ಓದಿ ಹೇಳೋದು. ಕಪಾಟಿನ ಮೇಲೆ ಯಾವ ಹೆಸರಿದ್ದರೆ ಮಗು ತಾನಾಗಿ ಪುಸ್ತಕ ತೆಗೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಒಂದು ಹಾಳೆ, ಮೂವರು ಮಕ್ಕಳು

ಕಾರ್ಯಾಗಾರದ ಮುಖ್ಯ ಪಾಠ ಸಿಕ್ಕಿದ್ದು ಭಿನ್ನರಾಶಿಯ ಹಾಳೆಯಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹಾಳೆಯಲ್ಲಿ ಎಂಟು ಪ್ರಶ್ನೆಗಳು. "ಕೆಳಗಿನ ಆಕೃತಿಗಳಲ್ಲಿ ಛಾಯೆಗೊಳಿಸಿದ ಭಾಗವನ್ನು ಭಿನ್ನರಾಶಿಯಲ್ಲಿ ವ್ಯಕ್ತಪಡಿಸಿ" ಎಂಬುದು ಸೂಚನೆ. ಮೇಲ್ಭಾಗದಲ್ಲಿ ಹೆಸರು, ತರಗತಿ, ಶಾಲೆಯ ಯು-ಡೈಸ್ ಸಂಖ್ಯೆಗೆ 11 ಚೌಕ. ಯಾವುದೋ ಹಳೆಯ ನಮೂನೆಯಿಂದ ತಲೆಬರಹ ಹಾಗೆಯೇ ಬಂದಿತ್ತು. ಅದು ಅಲ್ಲಿರುವುದು ದೊಡ್ಡವರ ಕಣ್ಣಿಗೆ ಬೀಳುವುದೂ ಇಲ್ಲ.

ಮೊದಲು ಬಂದ ಹುಡುಗಿಯನ್ನು ಕಳಿಸುವಾಗ "ಇವಳು ಸ್ವಲ್ಪ ನಿಧಾನ" ಎಂದು ತರಗತಿ ಶಿಕ್ಷಕರು ಹೇಳಿದ್ದರು. ಅವಳು ಹೆಸರು ಬರೆದಳು, ತರಗತಿ ಬರೆದಳು. ಆಮೇಲೆ 11 ಚೌಕಗಳನ್ನು ಎಣಿಸಿದಳು. ಸ್ವಲ್ಪ ಯೋಚಿಸಿ ಅಪ್ಪನ ಮೊಬೈಲ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ತುಂಬಿದಳು. ಹತ್ತು ಅಂಕಿ ಮುಗಿದು ಒಂದು ಚೌಕ ಉಳಿಯಿತು. ಎಲ್ಲವನ್ನೂ ರಬ್ಬರಿನಿಂದ ಅಳಿಸಿ ಮತ್ತೆ ಸುಮ್ಮನೆ ಕುಳಿತಳು. ನಾಲ್ಕು ನಿಮಿಷ ಕಳೆದಿತ್ತು, ಮೊದಲ ಪ್ರಶ್ನೆಗೆ ಅವಳಿನ್ನೂ ಬಂದಿರಲಿಲ್ಲ. ಕಡೆಗೆ ನಡೆಸುವವಳು "ಮೇಲಿಂದು ಬಿಟ್ಟುಬಿಡು, ಇಲ್ಲಿಂದ ಶುರು ಮಾಡು" ಎಂದಳು. ಹುಡುಗಿ ಎಂಟರಲ್ಲಿ ಆರು ಪ್ರಶ್ನೆ ಸರಿ ಮಾಡಿದಳು.

ಆ ಗುಂಪಿನ ಇಬ್ಬರು ಟಿಪ್ಪಣಿಕಾರರ ಚೀಟಿಗಳನ್ನು ಆಮೇಲೆ ನೋಡಿದೆ. ಒಂದರಲ್ಲಿ "ಬಹಳ ನಿಧಾನ" ಎಂದಿತ್ತು. ಇನ್ನೊಂದರಲ್ಲಿ "ಮೊಬೈಲ್ ನಂಬರ್ ಬರೆದಳು, ಒಂದು ಚೌಕ ಉಳಿಯಿತು, ಅಳಿಸಿದಳು" ಎಂದಿತ್ತು. ಒಂದೇ ಮಗು, ಅದೇ ನಾಲ್ಕು ನಿಮಿಷ. ಮೊದಲ ಚೀಟಿಯ ಮಾತು ತರಗತಿಯ ದಾಖಲೆಗೆ ಹೋದರೆ ಮಗುವಿನ ಜೊತೆ ವರ್ಷಗಟ್ಟಲೆ ನಡೆಯುತ್ತದೆ. ಎರಡನೆಯದರಿಂದ ಹಾಳೆಯ ಒಂದು ಸಾಲು ಅಳಿಸಿಹೋಗುತ್ತದೆ, ಅಷ್ಟೆ. ಬೇಗ ಮುಗಿಸುವ ಮಕ್ಕಳು ಆ ಚೌಕಗಳನ್ನು ಖಾಲಿ ಬಿಟ್ಟು ಮುಂದೆ ಹೋಗಿದ್ದರು. ಹೇಳಿದ್ದನ್ನೆಲ್ಲ ಮಾಡಬೇಕು ಎಂದು ನಂಬಿದ ಮಗು ಮಾತ್ರ ಅಲ್ಲಿ ಸಿಕ್ಕಿಬಿದ್ದಿತು. ಬೋಧನಾಭ್ಯಾಸದ ಭಾಗವಾಗಿ ನಮ್ಮ ಪ್ರಶಿಕ್ಷಣಾರ್ಥಿಗಳು ವ್ಯಕ್ತಿ ಅಧ್ಯಯನ ಬರೆಯುತ್ತಾರೆ. ನಿಧಾನ ಕಲಿಕೆಯ ಮಗು ಎಂದು ಬರೆಯುವ ಅಧಿಕಾರ ಅವರ ಪೆನ್ನಿಗೆ ಬರುವ ಮುನ್ನ ಈ ಎರಡು ಚೀಟಿಗಳನ್ನು ಅವರು ಅಕ್ಕಪಕ್ಕ ಇಟ್ಟು ನೋಡಿದ್ದು ಒಳ್ಳೆಯದಾಯಿತು.

ಎರಡನೆಯ ಹುಡುಗ ಎಂಟು ಭಾಗಗಳಲ್ಲಿ ಮೂರಕ್ಕೆ ಬಣ್ಣವಿದ್ದ ಆಕೃತಿಗೆ 5/8 ಎಂದು ಬರೆದ. ಮೂರನೆಯ ಹುಡುಗ ಅದಕ್ಕೇ 3/5 ಎಂದು ಬರೆದ. ಸಾಮಾನ್ಯವಾಗಿ ತಿದ್ದುವಾಗ ಎರಡಕ್ಕೂ ಒಂದೊಂದು ಕೆಂಪು ಗುರುತು ಬೀಳುತ್ತಿತ್ತು. ಇಲ್ಲಿ ಇಬ್ಬರಿಗೂ ಅವಧಿಯ ಕೊನೆಯಲ್ಲಿ ಬಾಯಿಮಾತಿನಲ್ಲಿ ಮತ್ತೊಮ್ಮೆ ಕೇಳಿದೆವು. "ಬಣ್ಣ ಹಾಕಿರೋ ಭಾಗ ಎಷ್ಟು?" ಎಂದ ಕೂಡಲೇ ಮೊದಲನೆಯವನು 3/8 ಎಂದ. "ಛಾಯೆ ಅಂದ್ರೆ ಬಣ್ಣಾನಾ ಮಿಸ್? ಬಿಳೀದು ಅಂದ್ಕೊಂಡೆ." ಜೆರಾಕ್ಸ್ ಪ್ರತಿಯಲ್ಲಿ ತಿಳಿಬೂದು ಬಣ್ಣ ಮಸುಕಾಗಿದ್ದದ್ದೂ ಅವನಿಗೆ ನೆರವಾಗಿರಲಿಲ್ಲ. ಮೂರನೆಯವನಿಗೆ ಬಣ್ಣದ ಭಾಗ ಎಂದು ಗೊತ್ತೇ ಇತ್ತು. "ಒಂದು ರೊಟ್ಟೀನ ಎಂಟು ತುಂಡು ಮಾಡಿದ್ವಿ, ನೀನು ಮೂರು ತಿಂದೆ. ಇಡೀ ರೊಟ್ಟೀಲಿ ಎಷ್ಟು ಭಾಗ ತಿಂದೆ?" ಎಂದು ಕೇಳಿದರೂ ಅವನು ಮೂರು ತಿಂದದ್ದು, ಐದು ಉಳಿದದ್ದು, ಆದ್ದರಿಂದ 3/5 ಎಂದ. ಅವನು ಭಾಗವನ್ನು ಇಡಿಯ ಜೊತೆಗಲ್ಲ, ಉಳಿದ ಭಾಗದ ಜೊತೆ ಹೋಲಿಸುತ್ತಿದ್ದ. ಭಿನ್ನರಾಶಿ ಕಲಿಯುವ ಮಕ್ಕಳಲ್ಲಿ ಇದು ಮತ್ತೆ ಮತ್ತೆ ಕಾಣುವ ತಿಳಿವಳಿಕೆ.

ಯಾವ ಕಷ್ಟವನ್ನು ತೆಗೆಯಬೇಕು?

ಇಲ್ಲಿಗೆ ಬಂದಾಗ ಆ್ಯಪಿನ ಪರೀಕ್ಷೆಗೂ ಕಲಿಕಾ ಸಾಮಗ್ರಿಯ ಪರೀಕ್ಷೆಗೂ ಇರುವ ವ್ಯತ್ಯಾಸ ಸ್ಪಷ್ಟವಾಯಿತು. ಆ್ಯಪ್ ಮಾಡುವವರಿಗೆ ಎಲ್ಲ ಕಷ್ಟವೂ ತೆಗೆದುಹಾಕಬೇಕಾದ್ದೇ. ಟಿಕೆಟ್ ಕಾಯ್ದಿರಿಸುವವನು ಅದರಿಂದ ಏನನ್ನೂ ಕಲಿಯಬೇಕಿಲ್ಲ. ಶಿಕ್ಷಕರಿಗೆ ಹಾಗಲ್ಲ. ಮಗು ತಲೆ ಕೆರೆದುಕೊಳ್ಳಬೇಕಾದ ಜಾಗ ಪಾಠದಲ್ಲಿ ಇದ್ದೇ ಇರುತ್ತದೆ, ಇರಲೇಬೇಕು. 11 ಚೌಕಗಳ ಕಷ್ಟದಿಂದ ಮಗುವಿಗೆ ಏನೂ ಸಿಗುವುದಿಲ್ಲ. "ಛಾಯೆಗೊಳಿಸಿದ" ಎಂಬ ಪದದ ಕಷ್ಟ ಭಾಷೆಯದು, ಗಣಿತದ್ದಲ್ಲ. 3/5 ಮತ್ತು 3/8ರ ನಡುವಿನ ಕಷ್ಟ ಮಾತ್ರ ಪಾಠದ ತಿರುಳು.

ತಿದ್ದುಪಡಿಯ ಚರ್ಚೆಯಲ್ಲಿ ಇದು ನೇರವಾಗಿ ಎದುರಾಯಿತು. ಪ್ರತಿ ಆಕೃತಿಯ ಕೆಳಗೆ "ಒಟ್ಟು ಭಾಗಗಳೆಷ್ಟು?" ಎಂಬ ಸಾಲು ಸೇರಿಸಿದರೆ ಎಲ್ಲರೂ 3/8 ಬರೆಯುತ್ತಾರೆ ಎಂದು ಒಬ್ಬಳು ಸೂಚಿಸಿದಳು. ನಿಜ, ಬರೆಯುತ್ತಾರೆ. ಆದರೆ ಮೂರನೆಯ ಹುಡುಗನ ಮನಸ್ಸಿನಲ್ಲಿದ್ದದ್ದು ಹಾಳೆಯ ಕೆಳಗೆ ಮುಚ್ಚಿಹೋಗುತ್ತದೆ ಎಂದು ಇನ್ನೊಬ್ಬ ವಾದಿಸಿದ. ಅರ್ಧ ಗಂಟೆ ಚರ್ಚೆಯ ನಂತರ ಗುಂಪು ಆ ಸಾಲನ್ನು ಹಾಳೆಗೆ ಸೇರಿಸಲಿಲ್ಲ. ಅದರ ಬದಲು ಪಾಠಯೋಜನೆಯ ಮೊದಲ ಹತ್ತು ನಿಮಿಷವನ್ನು ರೊಟ್ಟಿಯ ಚಟುವಟಿಕೆಗೆ ಮೀಸಲಿಟ್ಟಿತು. ತಲೆಬರಹದಲ್ಲಿ ಹೆಸರು ಮಾತ್ರ ಉಳಿಯಿತು, ಸೂಚನೆ "ಬಣ್ಣ ಹಾಕಿದ ಭಾಗ ಎಷ್ಟು? ಭಿನ್ನರಾಶಿಯಲ್ಲಿ ಬರೆ" ಎಂದಾಯಿತು, ಬೂದು ಬಣ್ಣದ ಬದಲು ಅಡ್ಡಗೆರೆಗಳು ಬಂದವು, ಬಿಡಿಸಿದ ಒಂದು ಉದಾಹರಣೆ ಸೇರಿತು.

ಎರಡನ್ನೂ ಬೇರ್ಪಡಿಸುವ ಒಂದು ಸರಳ ಕ್ರಮವೂ ಇದರಿಂದ ಸಿಕ್ಕಿತು. ಅವಧಿಯ ಕೊನೆಯಲ್ಲಿ ಸೂಚನೆಯನ್ನು ಮಗುವಿನ ಆಡುಮಾತಿನಲ್ಲಿ ಹೇಳಿ ಮತ್ತೆ ಮಾಡಿಸುವುದು. ಈಗ ಸರಿಯಾದರೆ ತೊಡಕು ಹಾಳೆಯದು. ಈಗಲೂ ಹಾಗೆಯೇ ಉಳಿದರೆ ಅದು ಪಾಠಕ್ಕೆ ಬಿಟ್ಟದ್ದು.

ಶಾಲೆಯ ಹಿರಿಯ ಶಿಕ್ಷಕರೊಬ್ಬರು ಜಗಲಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. "ಮಗು ಒದ್ದಾಡ್ತಿದ್ರೆ ಸುಮ್ಮನೆ ಕೂತು ನೋಡೋದು ಯಾವ ಮೇಷ್ಟ್ರ ಕೆಲಸ ಹೇಳಿ ಮೇಡಂ?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಮಗುವಿನ ಮುಖ ಬಾಡುವವರೆಗೆ ಕಾಯುವಂತಿಲ್ಲ ಎಂಬುದಕ್ಕೆ ನಮ್ಮಲ್ಲೂ ಒಪ್ಪಂದವಿತ್ತು, ನಾಲ್ಕು ನಿಮಿಷವೇ ಗರಿಷ್ಠ ಮಿತಿ. ಅದಕ್ಕಿಂತ ಮೊದಲೇ ಮಗು ಹಿಂಜರಿದರೆ ಅಲ್ಲಿಗೇ ನಿಲ್ಲಿಸಬೇಕು. ಅವರಿಗೆ ನಾನು ಹೇಳಿದ್ದು ಇಷ್ಟೇ: ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿ ಮಗುವಿನ ಪಕ್ಕದಲ್ಲಿ ನಾವು ಇರುವುದಿಲ್ಲ, ಹಾಳೆ ಮಾತ್ರ ಇರುತ್ತದೆ. ನಾವಿಲ್ಲದಾಗ ಅದು ಏನು ಮಾಡುತ್ತದೆ ಎಂದು ತಿಳಿಯಲು ಒಂದು ದಿನ ಇಲ್ಲದವರಂತೆ ಕೂರಬೇಕಾಗುತ್ತದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೂ "ಒಬ್ಬೊಬ್ಬರನ್ನೇ ಕೂರಿಸಬೇಡಿ, ಜೊತೆಗಾರರನ್ನು ಅವರೇ ಆರಿಸಿಕೊಳ್ಳಲಿ" ಎಂದು ಸಲಹೆ ಕೊಟ್ಟರು. ಎರಡನೆಯ ಸುತ್ತಿನಲ್ಲಿ ಮೊಬೈಲ್ ಮತ್ತು ಆ್ಯಪಿನ ಗುಂಪುಗಳು ಹಾಗೆಯೇ ಮಾಡಿದವು, ಮಕ್ಕಳ ಮಾತು ಗಮನಾರ್ಹವಾಗಿ ಹೆಚ್ಚಿತು.

ಗೋಡೆಯ ಮೇಲಿನ ಚೀಟಿಗಳು, ಎರಡನೆಯ ಸುತ್ತು

ಶುಕ್ರವಾರ ಮಧ್ಯಾಹ್ನ ಇನ್ನೂರಕ್ಕೂ ಹೆಚ್ಚು ಚೀಟಿಗಳನ್ನು ಕಾಲೇಜಿನ ಗೋಡೆಗೆ ಅಂಟಿಸಿ ಗುಂಪು ಮಾಡಿದೆವು. ಮೂರೇ ದರ್ಜೆ: ಮಗು ಮುಂದೆ ಹೋಗಲಾಗಲಿಲ್ಲ, ತಡವಾಗಿ ಹೋಯಿತು, ಹೋಯಿತು ಆದರೆ ಬೇಸರಪಟ್ಟಿತು. ಮೊದಲ ದರ್ಜೆಯವನ್ನು ಅದೇ ಸಂಜೆ ತಿದ್ದಬೇಕು, ಉಳಿದವು ಸಮಯವಿದ್ದರೆ. ಎಷ್ಟು ಶೇಕಡ ಮಕ್ಕಳಿಗೆ ತೊಂದರೆಯಾಯಿತು ಎಂದು ಬರೆಯಲು ಕೆಲವರು ಹೊರಟಾಗ ತಡೆದೆ. ಮೂವರನ್ನು ನೋಡಿ ಎಲ್ಲಿ ಕಲ್ಲಿದೆ ಎಂದು ಹೇಳಬಹುದು, ಎಷ್ಟು ಜನ ಎಡವುತ್ತಾರೆ ಎಂದು ಹೇಳಲಾಗದು.

ಅಂಕವಿಲ್ಲದೆ ನಮ್ಮವರಿಗೆ ಸಮಾಧಾನವಿಲ್ಲ. ಅದಕ್ಕೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಬಳಕೆ ಮಾಪನಿಯನ್ನು ಪರಿಚಯಿಸಿದೆ. ಬೆಸ ಸಂಖ್ಯೆಯ ಹೇಳಿಕೆಗಳು ಹೊಗಳುವಂಥವು, ಸಮ ಸಂಖ್ಯೆಯವು ತೆಗಳುವಂಥವು. ಬೆಸ ಹೇಳಿಕೆಗೆ ಸಿಕ್ಕ ಅಂಕದಿಂದ 1 ಕಳೆದು, ಸಮ ಹೇಳಿಕೆಯ ಅಂಕವನ್ನು 5ರಿಂದ ಕಳೆದು, ಎಲ್ಲವನ್ನೂ ಕೂಡಿ 2.5ರಿಂದ ಗುಣಿಸಿದರೆ 0ಯಿಂದ 100ರವರೆಗಿನ ಒಂದು ಸಂಖ್ಯೆ. ಅದು ಶೇಕಡಾವಾರು ಅಲ್ಲ, 68ರ ಆಸುಪಾಸನ್ನು ಸರಾಸರಿ ಎಂದು ಹಿಡಿಯುತ್ತಾರೆ. ಪ್ರಶಿಕ್ಷಣಾರ್ಥಿಗಳು ಒಂದು ಆ್ಯಪಿಗೆ ತಾವೇ ಅಂಕ ಕೊಟ್ಟು ಲೆಕ್ಕ ಕಲಿತರು. ಮಕ್ಕಳಿಗೆ ಅದನ್ನು ಕೊಡಲಿಲ್ಲ. ತೆಗಳುವ ಹೇಳಿಕೆಗೆ ಒಪ್ಪುವುದಿಲ್ಲ ಎಂದು ಗುರುತು ಹಾಕುವುದು ಆರನೆಯ ತರಗತಿಯವರಿಗೆ ಸುತ್ತುಬಳಸು. ಅಲ್ಲದೆ, ಮಾಡಿದವರು ಎದುರಿಗೇ ಕೂತಿರುವಾಗ ನಮ್ಮ ಮಕ್ಕಳು ಕೊಡುವುದು ಪೂರ್ಣಾಂಕವೇ. ಬಾಯಿಮಾತಿನ ಮೆಚ್ಚುಗೆಗಿಂತ ಬೆರಳು ಎಲ್ಲಿ ನಿಂತಿತು ಎಂಬುದು ಹೆಚ್ಚು ನಂಬಬಹುದಾದ ಸಾಕ್ಷಿ.

ಶನಿವಾರದ ಬೆಳಗಿನ ಶಾಲೆಯಲ್ಲಿ ಎರಡನೆಯ ಸುತ್ತು. ಬೇರೆ ಮಕ್ಕಳೇ ಬೇಕಿತ್ತು, ಹಿಂದಿನ ದಿನದವರಿಗೆ ಹಾಳೆ ಪರಿಚಯವಾಗಿಬಿಟ್ಟಿರುತ್ತದೆ. ಭಿನ್ನರಾಶಿಯ ಹಾಳೆಯಲ್ಲಿ ತಲೆಬರಹದ ಬಳಿ ಯಾರೂ ನಿಲ್ಲಲಿಲ್ಲ, ಬಣ್ಣದ ಭಾಗವನ್ನು ಮೂವರೂ ಸರಿಯಾಗಿ ಗುರುತಿಸಿದರು. ಒಬ್ಬಳು 3/5 ಬರೆದಳು, ಅದು ನಿರೀಕ್ಷಿತವೇ. ಹೊಸ ತೊಡಕೂ ಒಂದು ಸಿಕ್ಕಿತು. ಉದಾಹರಣೆಯ ಆಕೃತಿಯೂ ಮೊದಲ ಪ್ರಶ್ನೆಯ ಆಕೃತಿಯೂ ಒಂದೇ ರೀತಿ ಕಾಣುತ್ತಿದ್ದರಿಂದ ಒಬ್ಬ ಹುಡುಗ ಉದಾಹರಣೆಯ ಉತ್ತರವನ್ನೇ ನಕಲು ಮಾಡಿದ. ಉದಾಹರಣೆಗೆ ವೃತ್ತ, ಪ್ರಶ್ನೆಗೆ ಆಯತ ಎಂದು ಬದಲಿಸಿ ಗುಂಪು ಹಾಳೆಯನ್ನು ಅಂತಿಮಗೊಳಿಸಿತು. ಭೂತಗನ್ನಡಿಯ ಜಾಗದಲ್ಲಿ "ಪುಸ್ತಕ ಹುಡುಕು" ಎಂಬ ಎರಡು ಪದ ಬಂದವು. ವಿದ್ಯುನ್ಮಂಡಲದ ಚಿತ್ರ ಸೂಚನೆಯ ಪಕ್ಕಕ್ಕೇ ಬಂತು.

ನಡೆಸಬಯಸುವವರಿಗೆ

ಮೂರು ದಿನ ಸಿಗದಿದ್ದರೆ ಒಂದೂವರೆ ದಿನದಲ್ಲೂ ಇದನ್ನು ಮಾಡಬಹುದು. ತಂತ್ರಗಳ ಪರಿಚಯವನ್ನು ಕಡಿಮೆ ಮಾಡಿ, ಸುಮ್ಮನಿರುವ ಅಭ್ಯಾಸವನ್ನು ಕಡಿಮೆ ಮಾಡಬೇಡಿ. ಗುಂಪಿಗೆ ಒಂದೇ ಸಾಮಗ್ರಿ ಸಾಕು. ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ನಡುವೆ ತಿದ್ದಲು ಒಂದು ಸಂಜೆಯಾದರೂ ಇರಲಿ. ತಿದ್ದದೆ ನೋಡಿದರೆ ಅದು ಬರೀ ವರದಿಯಾಗುತ್ತದೆ. ಸಾಮಗ್ರಿ ಮಾಡಿದವರೇ ಅದನ್ನು ನಡೆಸಬಾರದು, ಬೇರೆ ಗುಂಪಿನವರು ನಡೆಸಿ ಮಾಡಿದವರು ಹಿಂದೆ ಕುಳಿತು ಬರೆದುಕೊಂಡರೆ ಬಾಯಿಗೆ ಬೀಗ ಹಾಕುವುದು ಸುಲಭ. ಬೇರೊಬ್ಬರ ಹಾಳೆಯಾದರೆ ಸಮರ್ಥಿಸಿಕೊಳ್ಳಬೇಕು ಅನ್ನಿಸುವುದಿಲ್ಲ.

2014ರ ಎನ್.ಸಿ.ಟಿ.ಇ. ನಿಯಮಾವಳಿಯ ನಂತರ ಬಿ.ಇಡ್. ಎರಡು ವರ್ಷದ್ದಾಗಿ, ಶಾಲೆಗಳಲ್ಲಿ ಕಳೆಯುವ ಅವಧಿ 20 ವಾರಕ್ಕೆ ಹೆಚ್ಚಿದೆ. ಅಷ್ಟು ವಾರಗಳಲ್ಲಿ ಪ್ರತಿ ಪಾಠಕ್ಕೂ ಹೀಗೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಸಲಹೆ ಚಿಕ್ಕದು. ಹಾಳೆಯನ್ನು ನಲವತ್ತು ಪ್ರತಿ ಜೆರಾಕ್ಸ್ ಮಾಡಿಸುವ ಮುನ್ನ ಒಂದೇ ಪ್ರತಿ ಮಾಡಿಸಿ. ಪಕ್ಕದ ಮನೆಯ, ಬಸ್ ನಿಲ್ದಾಣದಲ್ಲಿ ಸಿಗುವ, ಅಥವಾ ನಿಮ್ಮ ಅಕ್ಕನ ಮಗುವಿನ ಕೈಗೆ ಮನೆಯವರ ಒಪ್ಪಿಗೆ ಪಡೆದು ಅದನ್ನು ಕೊಡಿ. ನಾಲ್ಕು ನಿಮಿಷ ಸುಮ್ಮನೆ ಕುಳಿತು ಮಗು ಏನು ಮಾಡಿತೋ ಅದನ್ನಷ್ಟೇ ಬರೆದುಕೊಳ್ಳಿ.

ಆ ಭಿನ್ನರಾಶಿಯ ಗುಂಪಿನವರು ಈಗ ಬೋಧನಾಭ್ಯಾಸದ ಶಾಲೆಗಳಲ್ಲಿದ್ದಾರೆ. ಕಳೆದ ವಾರ ಅವರಲ್ಲೊಬ್ಬಳ ವ್ಯಕ್ತಿ ಅಧ್ಯಯನದ ಕರಡು ನನ್ನ ಮೇಜಿಗೆ ಬಂತು. ಮಗುವಿನ ಕಲಿಕಾ ವೇಗ ಎಂಬ ಅಂಕಣದಲ್ಲಿ "ನಿಧಾನ" ಎಂದು ಬರೆದು ಹೊಡೆದುಹಾಕಿ, "ಪ್ರಶ್ನೆ ಓದಲು ಆರು ನಿಮಿಷ, ಬಿಡಿಸಲು ಎರಡು ನಿಮಿಷ. ಹಾಳೆಯ ಭಾಷೆ ಬದಲಿಸಿ ಮತ್ತೆ ನೋಡಬೇಕಿದೆ" ಎಂದು ಬರೆದಿದ್ದಳು. ಸಹಿ ಹಾಕಿ ಕಳಿಸಿದ್ದೇನೆ.